ಮನೆ ಪಕ್ಕದ ದೊಡ್ಡ ಮರವನ್ನು ಚೈನ್‌ಸಾದಿಂದ ಇಳಿಸುವುದು ಹೇಗೆ

ನಮ್ಮ ಹಿತ್ತಿಲ ಬೇವಿನ ಮರಕ್ಕೂ ಮನೆಯ ಹಿಂಗೋಡೆಗೂ ನಡುವೆ 15 ಅಡಿ ಜಾಗ. ಮರದ ಎತ್ತರ 42 ಅಡಿ. ಈ ಎರಡು ಅಂಕಿ ಗೊತ್ತಾದ ದಿನವೇ ಅದನ್ನು ಬುಡದಿಂದ ಒಂದೇ ಸಲ ಉರುಳಿಸುವ ಯೋಚನೆ ಬಿಟ್ಟೆ. ಹೊಲದ ಬದುವಿನಲ್ಲಿದ್ದರೆ ಮರ ಉರುಳಿಸಬಹುದು. ಮನೆ ಪಕ್ಕದಲ್ಲಿದ್ದರೆ ಇಳಿಸಬೇಕು. ತುದಿಯಿಂದ ಶುರು ಮಾಡಿ, ತುಂಡು ತುಂಡಾಗಿ, ಹಗ್ಗ ಕಟ್ಟಿ. ಕೊನೆಗೆ ಉಳಿಯುವ ಮೋಟು ಕಂಬವನ್ನು ಮಾತ್ರ ಉರುಳಿಸುವುದು. ನಾವು ಇದಕ್ಕೆ ಎರಡು ದಿನ ತೆಗೆದುಕೊಂಡೆವು. ಅದರಲ್ಲಿ ಮಿಷಿನ್ ಓಡಿದ್ದು ಎಲ್ಲ ಸೇರಿ ಎರಡು ಗಂಟೆಯೂ ಇರಲಿಕ್ಕಿಲ್ಲ. ಉಳಿದದ್ದೆಲ್ಲ ಹಗ್ಗ, ಲೆಕ್ಕ, ಮತ್ತು ಸುಮ್ನೆ ನಿಂತು ಮೇಲೆ ನೋಡುವುದು.

ಇಲ್ಲಿ ಬರೆದದ್ದು ಚಿತ್ರದುರ್ಗ, ದಾವಣಗೆರೆ ಸೀಮೆಯ ಬೇವು, ಹುಣಸೆ, ಹೊಂಗೆಯಂಥ ಮರಗಳಿಗೆ. ಯೂಟ್ಯೂಬ್‌ನಲ್ಲಿ ಸಿಗುವ ವಿಡಿಯೊಗಳಲ್ಲಿ ಜಾಸ್ತಿ ಕಾಣುವುದು ಹೊರದೇಶದ ಪೈನ್ ಮತ್ತು ಓಕ್. ಪೈನ್ ಕಂಬದ ಹಾಗೆ ನೆಟ್ಟಗಿರುತ್ತದೆ, ಅದನ್ನು ನೋಡಿ ಕಲಿತರೆ ನಮ್ಮ ಮರದ ಮುಂದೆ ಮೋಸ ಹೋಗುತ್ತೀರಿ. ಓಕ್ ಮರದ್ದು ನೋಡಿ. ಅದು ನಮ್ಮ ಹುಣಸೆಯ ಹಾಗೆ ಕೈ ಚಾಚಿ ಬೆಳೆಯುತ್ತದೆ, ಭಾರ ಒಂದೇ ಕಡೆ ಇರಬಹುದು, ಮರವೂ ಗಟ್ಟಿ. ಅಂದ ಹಾಗೆ, ನಮ್ಮಲ್ಲಿ ತೋಟದ ಬದುವಿಗೆ ಹಾಕುವ ಸಿಲ್ವರ್ ಓಕ್‌ಗೆ ಹೆಸರಲ್ಲಿ ಮಾತ್ರ ಓಕ್. ಅದು ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಜಾತಿಯ ಮರ.

ಮೊದಲು ಕಾಗದ

ನನ್ನ ಜಾಗದ ಮರ, ನನ್ನ ಇಷ್ಟ ಅನ್ನುವಂತಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ಸ್ವಂತ ಹಿತ್ತಿಲಿನ ಮರಕ್ಕೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸುಬಾಬುಲ್, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಬೇವು, ಹುಣಸೆಗೆ ಅರ್ಜಿ ಹಾಕುವುದೇ ಸರಿ. ಮರ ಒಣಗಿದ್ದರೆ, ರೋಗ ಹತ್ತಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ಇದ್ದರೆ ಅದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. ಅನುಮತಿ ಕೊಡಲು ಕಾಯ್ದೆಯೇ ಹೇಳುವ ಕಾರಣಗಳು ಇವು. ತಾಲ್ಲೂಕಿನ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗುವಾಗ ಜಾಗದ ದಾಖಲೆ ಮತ್ತು ಮರದ ಫೋಟೊ ಜೊತೆಗಿರಲಿ. ಮನೆ ಮತ್ತು ಮರ ಎರಡೂ ಒಂದೇ ಫೋಟೊದಲ್ಲಿ ಕಾಣಬೇಕು. ರಸ್ತೆ ಬದಿಯ ಮರ ನಿಮ್ಮ ಕಾಂಪೌಂಡಿಗೆ ಒರಗಿದ್ದರೂ ನಿಮ್ಮದಲ್ಲ. ಗಂಧದ ಮರ ಇದ್ದರಂತೂ ಮುಟ್ಟಲೇಬೇಡಿ, ಅದಕ್ಕೆ ಬೇರೆಯೇ ಕಾನೂನು.

ಇನ್ನೊಂದು ಕಾಗದ ಬೆಸ್ಕಾಂಗೆ. ಮರದ ಹತ್ತಿರ ಕರೆಂಟ್ ತಂತಿ ಇದ್ದರೆ, ಅದು ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್ ಆದರೂ ಸರಿ, ಮೊದಲೇ ಬರೆದು ಕೊಟ್ಟು ಲೈನ್ ತೆಗೆಸಿ. ಸಹಾಯವಾಣಿ 1912. ಲೈನ್‌ಮ್ಯಾನ್ ಬಂದು "ತೆಗೆದಿದೀನಿ" ಅಂದ ಮೇಲೆಯೇ ಮರ ಹತ್ತುವುದು. "ಈಗ ಹೆಂಗೂ ಕರೆಂಟ್ ಹೋಗಿದೆ, ಬೇಗ ಮುಗಿಸೋಣ" ಅನ್ನುವ ಬುದ್ಧಿವಂತರು ಪ್ರತಿ ಊರಲ್ಲೂ ಇರುತ್ತಾರೆ. ಹೋದ ಕರೆಂಟ್ ಯಾವಾಗ ಬರುತ್ತದೆ ಅಂತ ಅವರಿಗೆ ಯಾರು ಹೇಳಿದರು?

ಊರ ಕಾಗದ ಅಂತಲೂ ಒಂದಿದೆ. ಬೇವಿನ ಮರದ ಬುಡದಲ್ಲಿ ಯಾವಾಗಲೋ ಯಾರೋ ಒಂದು ಕಲ್ಲಿಗೆ ಕುಂಕುಮ ಹಚ್ಚಿ ಮಾರಮ್ಮ ಅಂದಿದ್ದರೆ, ಕೂಲಿಯವರು ಕೊಡಲಿ ಎತ್ತುವುದಿಲ್ಲ. ಮನೆಯ ಹಿರಿಯರನ್ನು, ಪಕ್ಕದ ಮನೆಯವರನ್ನು ಕೇಳಿ ಮುಗಿಸಿಕೊಳ್ಳಿ. ನಮ್ಮ ಅವ್ವ ಮಂಗಳವಾರ, ಶುಕ್ರವಾರ ಬೇಡ ಅಂದಳು. ಬುಧವಾರ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಶುರು ಮಾಡಿದೆವು.

ಮರ ನೋಡುವುದು

ಎತ್ತರ ಅಳೆಯಲು ಒಂದು ಕೋಲು ಸಾಕು. ಕೈ ನೇರ ಚಾಚಿ, ಕಣ್ಣಿನಿಂದ ಮುಷ್ಟಿಯವರೆಗೆ ಎಷ್ಟು ಉದ್ದವೋ ಮುಷ್ಟಿಯ ಮೇಲೆ ಅಷ್ಟೇ ಉದ್ದ ಕೋಲು ನಿಲ್ಲಬೇಕು. ಒಂದು ಕಣ್ಣು ಮುಚ್ಚಿ ಹಿಂದೆ ಹಿಂದೆ ಹೋಗಿ. ಮುಷ್ಟಿಯ ನೇರಕ್ಕೆ ಮರದ ಬುಡ, ಕೋಲಿನ ತುದಿಗೆ ಮರದ ತುದಿ ಕೂತಾಗ ನಿಲ್ಲಿ. ಅಲ್ಲಿಂದ ಮರದವರೆಗೆ ಎಷ್ಟು ಅಡಿಯೋ ಮರ ಹೆಚ್ಚುಕಡಿಮೆ ಅಷ್ಟೇ ಎತ್ತರ. ನೆಲ ಸಮ ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಸಿಕ್ಕ ಎತ್ತರದ ಎರಡರಷ್ಟು ದೂರದ ಒಳಗೆ, ಸುತ್ತ ಎಲ್ಲೂ, ಕೆಲಸಕ್ಕೆ ಬೇಡದ ಯಾರೂ ಇರಬಾರದು. ಮಕ್ಕಳು, ಕುರಿ, ಮೊಬೈಲ್ ಹಿಡಿದು ವಿಡಿಯೊ ಮಾಡುವ ಭಾವಮೈದುನ, ಎಲ್ಲರೂ ಆಚೆ.

ದಪ್ಪಕ್ಕೆ ಟೇಪು ಸುತ್ತಿ, ಬಂದ ಸುತ್ತಳತೆಯನ್ನು 3.14ರಿಂದ ಭಾಗಿಸಿ. ನಮ್ಮ ಬೇವಿನ ಸುತ್ತಳತೆ ಬುಡದಲ್ಲಿ 190 ಸೆಂ.ಮೀ., ಅಂದರೆ ಅಡ್ಡಳತೆ ಸುಮಾರು 60. ಈ 60 ನೆನಪಿಡಿ, ಮುಂದೆ ಬೇಕು.

ಆಮೇಲೆ ವಾಲು. ದಾರಕ್ಕೆ ಕಲ್ಲು ಕಟ್ಟಿ ತೂಗುಗುಂಡಿನ ಹಾಗೆ ಹಿಡಿದು, ಮರವನ್ನು ಎರಡು ಕಡೆಯಿಂದ ನೋಡಿ. ಕಾಂಡ ನೆಟ್ಟಗಿದ್ದರೂ ಮೇಲಿನ ಕೊಂಬೆಗಳ ಭಾರ ಒಂದು ಕಡೆ ಇರಬಹುದು. ಮನೆಯ ನೆರಳಲ್ಲಿ ಬೆಳೆದ ಮರ ಬೆಳಕಿನ ಕಡೆಗೇ ಕೈ ಚಾಚುತ್ತದೆ. ಅದು ನಮ್ಮ ಅದೃಷ್ಟ. ಆದರೆ ಸೂರಿನ ಮೇಲೆ ಒಂದು ದಪ್ಪ ಕೊಂಬೆ ಬಂದಿದ್ದರೆ ಆ ಅದೃಷ್ಟ ಅಲ್ಲಿಗೆ ಮುಗಿಯಿತು.

ಕೊಡಲಿಯ ಹಿಂಬದಿಯಿಂದ ಬೊಡ್ಡೆಯನ್ನು ಸುತ್ತ ಬಡಿಯಿರಿ. ಗಟ್ಟಿ ಮರ ಟಣ್ ಅನ್ನುತ್ತದೆ, ಪೊಟರೆ ಬಿದ್ದದ್ದು ಡೊಳ್ಳಿನ ಹಾಗೆ ಡಬ್ ಅನ್ನುತ್ತದೆ. ಹಳೇ ಹುಣಸೆ ಹೊರಗೆ ಹಸಿರಾಗಿಯೇ ಇದ್ದು ಒಳಗೆ ಟೊಳ್ಳಾಗಿರುವುದು ಸಾಮಾನ್ಯ. ಬುಡದಲ್ಲಿ ಅಣಬೆ, ಸೀಳು, ಗೆದ್ದಲ ಮಣ್ಣು ಇದೆಯಾ ನೋಡಿ. ಎಮ್ಮೆ ಕಟ್ಟಲು ಹೊಡೆದ ಗೂಟದ ಮೊಳೆ, ಬಟ್ಟೆ ಒಣಹಾಕಲು ಬಿಗಿದ ತಂತಿ, ಇವು ಹತ್ತಿಪ್ಪತ್ತು ವರ್ಷದಲ್ಲಿ ತೊಗಟೆಯೊಳಗೆ ಮುಚ್ಚಿಹೋಗಿರುತ್ತವೆ. ಮನೆಯ ಅಜ್ಜನನ್ನು ಕೇಳಿ. ಎಲ್ಲಿ ಏನು ಹೊಡೆದಿದ್ದರು ಅಂತ ಅವರಿಗೇ ಗೊತ್ತು.

ಮೇಲೆ ಹೆಜ್ಜೇನು ಕಟ್ಟಿದ್ದರೆ ಅದರ ಕೆಳಗೆ ಮಿಷಿನ್ ಚಾಲೂ ಮಾಡಲೇಬೇಡಿ. ಆ ಸದ್ದಿಗೆ, ಅದುರಿಗೆ ಅವು ಎದ್ದುಬಿಡುತ್ತವೆ. ಜೇನು ಬಿಡಿಸುವವರನ್ನು ಕರೆಸಿ, ಇಲ್ಲವಾದರೆ ಅವು ಹೋಗುವವರೆಗೆ ಕಾಯಿರಿ. ಹಕ್ಕಿ ಗೂಡಲ್ಲಿ ಮರಿ ಇದ್ದರೂ ಅಷ್ಟೇ.

ಇಷ್ಟು ನೋಡಿದ ಮೇಲೆ ನಿಮಗೆ ನೀವೇ ತೀರ್ಮಾನ ಹೇಳಿಕೊಳ್ಳಬೇಕು. ಮರ ಮನೆ ಕಡೆಗೇ ವಾಲಿದ್ದರೆ, ಬೊಡ್ಡೆ ಟೊಳ್ಳಿದ್ದರೆ, ಕಾಂಡ ಕವಲಾಗಿ ನಡುವೆ ಸೀಳು ಬಿಟ್ಟಿದ್ದರೆ, ಹೈಟೆನ್ಷನ್ ತಂತಿ ಹತ್ತಿರ ಇದ್ದರೆ ಈ ಕೆಲಸ ನಿಮ್ಮದಲ್ಲ. ಕ್ರೇನ್ ಇಟ್ಟುಕೊಂಡು ಇದನ್ನೇ ಮಾಡುವವರಿಗೆ ಕೊಡಿ. ಚೈನ್‌ಸಾ ಮೊದಲ ಸಲ ಹಿಡಿಯುತ್ತಿದ್ದರೂ ಈ ಮರ ನಿಮ್ಮದಲ್ಲ. ಮೊದಲು ನೆಲದ ಮೇಲಿನ ಸೌದೆ ಕೊಯ್ದು ಕೈ ಪಳಗಿಸಿ. ಇನ್ನು "ದುಡ್ಡೇ ಬೇಡ, ಮರ ನಾವೇ ತಗೊಂಡು ಹೋಗ್ತೀವಿ" ಅಂತ ಬರುವವರ ವಿಷಯದಲ್ಲಿ ಸ್ವಲ್ಪ ಹುಷಾರು. ಅವರ ಕಣ್ಣು ದಿಮ್ಮಿಯ ಮೇಲೆ, ನಿಮ್ಮ ಸೂರಿನ ಮೇಲಲ್ಲ.

ಯಾವಾಗ

ಆಷಾಢದ ಗಾಳಿಯಲ್ಲಿ ಬೇಡವೇ ಬೇಡ. ಸುಗ್ಗಿ ಮುಗಿದು, ಹೊಲ ಖಾಲಿಯಾಗಿ, ನೆಲ ಗಟ್ಟಿ ಇರುವ ಜನವರಿ, ಫೆಬ್ರವರಿ ಒಳ್ಳೆಯದು. ಬೆಳಿಗ್ಗೆ ಬೇಗ ಶುರು ಮಾಡಿ. ನಮ್ಮ ಕಡೆ ಹೊತ್ತು ಏರಿದ ಹಾಗೆ ಗಾಳಿ ಏಳುತ್ತದೆ. ಜೋಗಿಮಟ್ಟಿ ಕಡೆಯ ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆ ಜೋರಾಗಿ ತಿರುಗುವುದು ಕಂಡರೆ ಅವತ್ತು ಮಿಷಿನ್ ಒಳಗಿಟ್ಟು ಟೀ ಕುಡಿಯಿರಿ.

ಮಿಷಿನ್ ಮತ್ತು ಮೈಮೇಲಿನ ಸಾಮಾನು

60 ಸೆಂ.ಮೀ. ದಪ್ಪದ ಬೊಡ್ಡೆಗೆ 18 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ) ಇರುವ, 50 ಸಿಸಿ ಮೇಲ್ಪಟ್ಟ ಮಿಷಿನ್ ಸಾಕು. 18 ಇಂಚು ಅಂದರೆ 45 ಸೆಂ.ಮೀ., ಹಾಗಾಗಿ ಬೊಡ್ಡೆಯನ್ನು ಎರಡು ಕಡೆಯಿಂದ ಕೊಯ್ಯಬೇಕಾಗುತ್ತದೆ. ಪೆಟ್ರೋಲಿಗೆ ಟೂ ಸ್ಟ್ರೋಕ್ ಎಣ್ಣೆ ಬೆರೆಸಬೇಕು. 50ಕ್ಕೆ 1 ಅಂತ ಇದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಅಂತ ಇದ್ದರೆ 40 ಮಿ.ಲೀ. ಯಾವುದು ಅಂತ ಮಿಷಿನ್ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ, ಅಂಗಡಿಯವನ ಬಾಯಿಮಾತು ಬೇಡ. ಬಿಸಿ ಮಿಷಿನ್‌ಗೆ ಪೆಟ್ರೋಲ್ ಹಾಕಬೇಡಿ. ಹಾಕಿದ ಜಾಗದಿಂದ ಹತ್ತು ಅಡಿ ದೂರ ಬಂದು ಚಾಲೂ ಮಾಡಿ.

ಚೈನಿಗೆ ಬೇರೆ ಎಣ್ಣೆ ಇದೆ. ಅದು ಬರುತ್ತಿದೆಯಾ ನೋಡಲು ಬಾರಿನ ತುದಿಯನ್ನು ಒಂದು ಒಣ ಹಲಗೆಯ ಹತ್ತಿರ, ತಾಗದ ಹಾಗೆ, ಹಿಡಿದು ಆಕ್ಸಿಲೇಟರ್ ಒತ್ತಿ. ಹಲಗೆ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಹರಿತ ನೋಡುವುದು ಇನ್ನೂ ಸುಲಭ. ಕೊಯ್ದಾಗ ಚಕ್ಕೆ ಚಕ್ಕೆಯಾಗಿ ಉದುರಿದರೆ ಚೈನ್ ಚೆನ್ನಾಗಿದೆ. ಹಿಟ್ಟಿನ ಹಾಗೆ ಪುಡಿ ಬಂದರೆ ನಿಲ್ಲಿಸಿ, ದುಂಡು ಅರದಿಂದ ಪ್ರತಿ ಹಲ್ಲನ್ನೂ ಒಂದೇ ಕೋನದಲ್ಲಿ, ಅಷ್ಟಷ್ಟೇ ಸಲ ಉಜ್ಜಿ. ಹುಣಸೆಯ ಒಳಗಿನ ಕಪ್ಪು ತಿರುಳು ಚೈನನ್ನು ಬಹಳ ಬೇಗ ಮೊಂಡು ಮಾಡುತ್ತದೆ. ಹುಣಸೆ ಕೊಯ್ಯುವ ದಿನ ಎರಡನೇ ಚೈನ್ ಇಟ್ಟುಕೊಳ್ಳಿ.

ಚೈನ್‌ಸಾದ ದೊಡ್ಡ ಅಪಾಯ ಬಾರಿನ ಮೂತಿಯಲ್ಲಿದೆ, ಅದರಲ್ಲೂ ಮೂತಿಯ ಮೇಲಿನ ಅರ್ಧದಲ್ಲಿ. ಆ ಜಾಗ ಮರಕ್ಕೋ ಪಕ್ಕದ ರೆಂಬೆಗೋ ತಾಗಿದರೆ ಬಾರ್ ಮೇಲಕ್ಕೆ, ನಿಮ್ಮ ಮುಖದ ಕಡೆಗೆ ಎಗರುತ್ತದೆ. ಕಣ್ಣು ಮಿಟುಕಿಸುವಷ್ಟೂ ಸಮಯ ಇರುವುದಿಲ್ಲ. ಅದಕ್ಕೇ ಎಡಗೈ ಹೆಬ್ಬೆರಳು ಮುಂದಿನ ಹಿಡಿಕೆಯ ಕೆಳಗಿಂದ ಸುತ್ತಿರಬೇಕು, ಎಡ ಮೊಣಕೈ ನೆಟ್ಟಗಿರಬೇಕು, ತಲೆ ಬಾರಿನ ನೇರಕ್ಕೆ ಇರಬಾರದು, ಭುಜಕ್ಕಿಂತ ಎತ್ತರ ಕೊಯ್ಯಬಾರದು. ಒಂದೇ ಕೈಯಲ್ಲಿ ಹಿಡಿದು ಕೊಯ್ಯುವವನನ್ನು ಕಂಡರೆ ಅವನ ಹತ್ತಿರ ನಿಲ್ಲಬೇಡಿ. ಎರಡು ಹೆಜ್ಜೆಗಿಂತ ಜಾಸ್ತಿ ನಡೆಯುವಾಗ ಚೈನ್ ಬ್ರೇಕ್ ಹಾಕಿರಿ.

ಹೆಲ್ಮೆಟ್, ಕನ್ನಡಕ, ಕಿವಿಗೆ ಮಫ್, ಗಟ್ಟಿ ಬೂಟು ಬೇಕೇ ಬೇಕು. ತೊಡೆಯ ಮೇಲೆ ಕಟ್ಟುವ ಚೈನ್‌ಸಾ ಚಾಪ್ಸ್ ಆನ್‌ಲೈನಲ್ಲಿ ಸಿಗುತ್ತದೆ. ಅದರೊಳಗಿನ ಎಳೆಗಳು ಚೈನಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತವೆ. ಜೀನ್ಸ್ ಪ್ಯಾಂಟ್ ಏನೂ ತಡೆಯುವುದಿಲ್ಲ. ಲುಂಗಿ, ಹವಾಯಿ ಚಪ್ಪಲಿ, ಕೊರಳಲ್ಲಿ ಟವೆಲ್, ಇದು ನಮ್ಮ ಕಡೆಯ ಯೂನಿಫಾರ್ಮ್. ಅವತ್ತೊಂದು ದಿನ ಅದನ್ನು ಗೂಟಕ್ಕೆ ನೇತುಹಾಕಿ. ಗಾಯ ಆದರೆ ಒಗೆದ ಬಟ್ಟೆಯಿಂದ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಬೇಕು. ಆ ಬಟ್ಟೆ ಮೊದಲೇ ಕೈಗೆ ಸಿಗುವ ಕಡೆ ಇರಲಿ.

ಮೇಲಿನಿಂದ ಹಗುರ ಮಾಡುವುದು

ಇಲ್ಲಿಯೇ ನಾನು ಒಮ್ಮೆ ಕೆಟ್ಟದ್ದು. ಬೇವಿಗಿಂತ ಎರಡು ವರ್ಷ ಮೊದಲು, ಚಿಕ್ಕಪ್ಪನ ಮನೆಯ ಹೊಂಗೆ ಮರ. ಸೂರಿನ ಮೇಲೆ ಬಂದಿದ್ದ ಕೊಂಬೆಗೆ ಹಗ್ಗ ಕಟ್ಟಿದ್ದೆವು. ಆದರೆ ಕಟ್ಟಿದ್ದು ಕೊಂಬೆಯ ಬುಡದ ಹತ್ತಿರ. ಕೊಯ್ದ ಕೂಡಲೇ ಎಲೆ ತುಂಬಿದ ತುದಿ ಕೆಳಗೆ ತೂಗಿತು, ಇಡೀ ಕೊಂಬೆ ತೊಟ್ಟಿಲ ಹಾಗೆ ತೂಗಾಡಿ ಸಿಮೆಂಟ್ ಶೀಟಿನ ಮೇಲೆ ಕೂತಿತು. ನಾಲ್ಕು ಶೀಟು ಒಡೆದವು. ಚಿಕ್ಕಮ್ಮ ಒಳಗಿಂದ ಬಂದು ಆಕಾಶ ನೋಡಿ, "ಬೆಳಕು ಚೆನ್ನಾಗಿ ಬರ್ತಿದೆ ಬಿಡಪ್ಪ" ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಕೊಂಬೆಯ ಭಾರ ಅದರ ಉದ್ದದ ನಡುವೆ ಇರುವುದಿಲ್ಲ, ಎಲೆ ಇರುವ ತುದಿಯ ಕಡೆಗೆ ಇರುತ್ತದೆ. ಹಾಗಾಗಿ ಮನೆ ಮೇಲಿನ ಕೊಂಬೆಗೆ ಎರಡು ಹಗ್ಗ ಬೇಕು, ಒಂದು ಬುಡದ ಕಡೆ, ಒಂದು ತುದಿಯ ಕಡೆ. ಎರಡೂ ಅದಕ್ಕಿಂತ ಮೇಲಿನ ಗಟ್ಟಿ ಕವಲಿನ ಮೂಲಕ ದಾಟಿ ಕೆಳಗೆ ಬರಬೇಕು. ಕೆಳಗಿನವನು ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಬೊಡ್ಡೆಗೆ ಎರಡು ಮೂರು ಸುತ್ತು ಹಾಕಿ ಹಿಡಿಯಬೇಕು. ಸುತ್ತು ಇದ್ದರೆ ಒಬ್ಬನೇ ದೊಡ್ಡ ಭಾರವನ್ನು ತಡೆದು, ಸಡಿಲಿಸುತ್ತಾ, ಮೆಲ್ಲಗೆ ಇಳಿಸಬಹುದು. ದೊಡ್ಡ ಕೊಂಬೆಯನ್ನು ಒಂದೇ ಸಲ ಇಳಿಸುವ ಆಸೆ ಬೇಡ. ತುದಿಯಿಂದ ನಾಲ್ಕು ನಾಲ್ಕು ಅಡಿ ಕಡಿಯುತ್ತಾ ಬನ್ನಿ.

ಮೇಲೆ ಹತ್ತುವವನಿಗೆ ಸೊಂಟ ಮತ್ತು ತೊಡೆಗೆ ಬಿಗಿಯುವ ಬೆಲ್ಟು, ತಲೆಯ ಮೇಲಿನ ಕವಲಿಗೆ ಕಟ್ಟಿದ ಬೇರೆ ಹಗ್ಗ ಇರಬೇಕು. ಅವನ ಕೈಗೆ ಚೈನ್‌ಸಾ ಕೊಡಬೇಡಿ. ಬಾಗಿದ ಹಲ್ಲಿನ ಕೈಗರಗಸ ಸಾಕು. ನಿಧಾನ ಆಗುತ್ತದೆ, ಆಗಲಿ. ಏಣಿ ಮೇಲೆ ನಿಂತು ಚೈನ್‌ಸಾ ಓಡಿಸುವುದನ್ನು ಯಾರೂ ಮಾಡಬಾರದು. ಕೊಯ್ದ ಕೊಂಬೆ ಏಣಿಗೇ ಬಡಿದು, ಆಳು ಮತ್ತು ಮಿಷಿನ್ ಜೊತೆಗೇ ಬೀಳುತ್ತಾರೆ.

ಕೊಂಬೆ ಕೊಯ್ಯುವ ಕ್ರಮ ಹೀಗೆ. ಕಾಂಡದಿಂದ ಒಂದು ಅಡಿ ಬಿಟ್ಟು ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಿರಿ. ಅಲ್ಲಿಂದ ಎರಡು ಮೂರು ಇಂಚು ತುದಿಯ ಕಡೆ ಸರಿದು ಮೇಲಿನಿಂದ ಕೊಯ್ಯಿರಿ. ಕೊಂಬೆ ತುಂಡಾಗಿ ಬೀಳುತ್ತದೆ. ಕೆಳಗಿನ ಕೊಯ್ತ ಇಲ್ಲದಿದ್ದರೆ ಕೊಂಬೆ ಬೀಳುವಾಗ ತೊಗಟೆಯನ್ನು ಕಾಂಡದುದ್ದಕ್ಕೂ ಸುಲಿದು, ಹತ್ತಿದವನ ಕಾಲ ಬುಡಕ್ಕೇ ಬರುತ್ತದೆ. ಉಳಿದ ಮೋಟು ಕಡ್ಡಿಗಳನ್ನು ಬೇಕೆಂದೇ ಬಿಡಿ, ಇಳಿಯುವಾಗ ಮೆಟ್ಟಿಲಾಗುತ್ತವೆ.

ಮೊದಲ ದಿನದ ಸಂಜೆಗೆ ನಮ್ಮ 42 ಅಡಿಯ ಬೇವು 18 ಅಡಿಯ ಬೋಳು ಕಂಬ ಆಗಿತ್ತು. ಗೋಡೆ 15 ಅಡಿ ದೂರ. ಅಂದರೆ ಇನ್ನೂ 3 ಅಡಿ ಮನೆಗೆ ತಾಗುವಷ್ಟು ಉದ್ದ ಇದೆ. ಇನ್ನೊಂದು ತುಂಡು ತೆಗೆಯಬಹುದಿತ್ತು. ಆದರೆ ಬೀಳಿಸುವ ಕಡೆ ಖಾಲಿ ರಾಗಿ ಹೊಲ ಇತ್ತು, ಹಗ್ಗ ಕಟ್ಟಲು ಎತ್ತರವೂ ಬೇಕಿತ್ತು. ಹಾಗೇ ಬಿಟ್ಟೆವು. ನಿಮ್ಮಲ್ಲಿ ಜಾಗ ಇಲ್ಲದಿದ್ದರೆ ಗೋಡೆಗೆ ಮುಟ್ಟದಷ್ಟು ಮೋಟಾಗುವವರೆಗೆ ಮೇಲಿನಿಂದಲೇ ಇಳಿಸಿ.

ಎಳೆಯುವ ಹಗ್ಗ

ಹಗ್ಗ ಎಷ್ಟು ಮೇಲೆ ಕಟ್ಟಿದರೆ ಎಳೆತಕ್ಕೆ ಅಷ್ಟು ಬಲ. ಕಂಬದ ಎತ್ತರದ ಮೂರನೇ ಎರಡು ಭಾಗಕ್ಕಿಂತ ಕೆಳಗೆ ಬೇಡ. ಬಿಸಿಲಲ್ಲಿ ಬಿದ್ದು ಬಿಳಚಿದ ಪ್ಲಾಸ್ಟಿಕ್ ಹಗ್ಗ, ನಡುವೆ ಗಂಟು ಹಾಕಿ ಜೋಡಿಸಿದ ಹಗ್ಗ ಬಳಸಬೇಡಿ. ಹಗ್ಗದ ಇನ್ನೊಂದು ತುದಿ ಬೀಳುವ ದಿಕ್ಕಿನಲ್ಲಿ, ಕಂಬದ ಎತ್ತರದ ಎರಡರಷ್ಟು ದೂರ ಇರಲಿ.

ಎಳೆಯಲು ಕೈಯಿಂದ ತಿರುಗಿಸುವ ಚೈನ್ ಪುಲ್ಲಿ ನನಗೆ ಇಷ್ಟ. ದೂರದ ಇನ್ನೊಂದು ಗಟ್ಟಿ ಮರದ ಬುಡಕ್ಕೆ ಕಟ್ಟಿದರೆ ಅಂಗುಲ ಅಂಗುಲವಾಗಿ ಬಿಗಿಯುತ್ತದೆ, ಎಲ್ಲಿ ಬಿಗಿಸಿ ನಿಲ್ಲಿಸಿದೆಯೋ ಅಲ್ಲೇ ನಿಲ್ಲುತ್ತದೆ. ಊರಲ್ಲಿ ಎಲ್ಲರೂ ಟ್ರ್ಯಾಕ್ಟರ್ ತನ್ನಿ ಅನ್ನುತ್ತಾರೆ. ಟ್ರ್ಯಾಕ್ಟರ್‌ಗೆ ಬಲ ಇದೆ, ತಾಳ್ಮೆ ಇಲ್ಲ. ಅರ್ಧ ಕೊಯ್ದ ಕಂಬವನ್ನು ಜೋರಾಗಿ ಎಳೆದರೆ ಬೊಡ್ಡೆ ಉದ್ದಕ್ಕೆ ಸೀಳಿ, ಸೀಳಿದ ಭಾಗ ಹಿಂದೆ ನಿಂತವನ ಎದೆ ಎತ್ತರಕ್ಕೆ ಚಿಮ್ಮುತ್ತದೆ. ಟ್ರ್ಯಾಕ್ಟರೇ ಗತಿ ಅಂದರೆ ರಾಟೆ ಹಾಕಿ ಹಗ್ಗವನ್ನು ಪಕ್ಕಕ್ಕೆ ತಿರುಗಿಸಿ, ಗಾಡಿ ಮರ ಬೀಳುವ ದಾರಿಯಿಂದ ಹೊರಗಿರಲಿ. ಡ್ರೈವರ್ ಒಬ್ಬನ ಕೈಸನ್ನೆ ಮಾತ್ರ ನೋಡಬೇಕು. ಹತ್ತು ಜನ ಕೂಗಿದರೆ ಅವನು ಯಾರ ಮಾತು ಕೇಳಬೇಕು, ಅಲ್ವಾ? ನಾವು ಸೀಟಿ ಇಟ್ಟುಕೊಂಡಿದ್ದೆವು. ಒಂದು ಸೀಟಿಗೆ ಬಿಗಿ, ಎರಡಕ್ಕೆ ನಿಲ್ಲಿಸು, ಉದ್ದ ಸೀಟಿಗೆ ಎಲ್ಲ ಬಿಟ್ಟು ಓಡು. ಕಿವಿಗೆ ಮಫ್ ಹಾಕಿದವನಿಗೂ ಸೀಟಿ ಕೇಳುತ್ತದೆ.

ಶುರುವಿನಲ್ಲಿ ಹಗ್ಗದ ಸಡಿಲ ಹೋಗುವಷ್ಟು ಮಾತ್ರ ಬಿಗಿಯಿರಿ. ಬಿಗಿದ ಹಗ್ಗವನ್ನು ಯಾರೂ ದಾಟಬಾರದು.

ಕಚ್ಚು, ಕೀಲು, ಹಿಂದಿನ ಕೊಯ್ತ

ಮಿಷಿನ್ ಚಾಲೂ ಮಾಡುವ ಮೊದಲು ಓಡುವ ದಾರಿ ಮಾಡಿ. ಮರ ಬೀಳುವ ದಿಕ್ಕಿಗೆ ನೇರ ಹಿಂದೆ ಅಲ್ಲ, ಹಿಂದೆ ಎಡಕ್ಕೆ ಒಂದು, ಬಲಕ್ಕೆ ಒಂದು ಓರೆ ದಾರಿ. ಕಲ್ಲು, ಕೊಂಬೆ, ಬಕೆಟ್ಟು ಎಲ್ಲ ಎತ್ತಿ ಗುಡಿಸಿ. ಒಂದು ಸಲ ನಡೆದು ನೋಡಿ. ಮಿಷಿನ್ ಇಲ್ಲದೆ ನಡೆಯುವಾಗ ಎಡವಿದ ಕಲ್ಲೇ ಆಮೇಲೂ ಎಡವಿಸುವುದು.

ಈಗ ಆ 60 ಸೆಂ.ಮೀ. ಲೆಕ್ಕ. ಬೀಳಬೇಕಾದ ಕಡೆಯಲ್ಲಿ ಬಾಯಿ ಬಿಟ್ಟ ಹಾಗೆ ಒಂದು ಕಚ್ಚು ತೆಗೆಯಬೇಕು. ಅದರ ಆಳ ಬೊಡ್ಡೆಯ ಕಾಲು ಭಾಗ, ಅಂದರೆ 15 ಸೆಂ.ಮೀ. ಹಿಂದಿನಿಂದ 39 ಸೆಂ.ಮೀ. ಕೊಯ್ಯುವುದು. ನಡುವೆ 6 ಸೆಂ.ಮೀ. ದಪ್ಪದ ಪಟ್ಟಿ ಕೊಯ್ಯದೆ ಉಳಿಯಬೇಕು. ಅಡ್ಡಳತೆಯ ಹತ್ತರಲ್ಲಿ ಒಂದು ಭಾಗ. ಇದೇ ಕೀಲು. ಬಾಗಿಲು ಹೇಗೆ ಕೀಲಿನ ಮೇಲೆ ತಿರುಗುತ್ತದೋ ಮರ ಹಾಗೆ ಇದರ ಮೇಲೆ ತಿರುಗಿ ಬೀಳುತ್ತದೆ. ಮರವನ್ನು ಬೀಳಿಸುವುದು ಹಗ್ಗ ಮತ್ತು ಭಾರ, ಎಲ್ಲಿ ಬೀಳಬೇಕು ಅಂತ ತೀರ್ಮಾನ ಮಾಡುವುದು ಕೀಲು. ಕೀಲು ಪೂರ್ತಿ ಕೊಯ್ದುಬಿಟ್ಟರೆ ಮರ ತನಗೆ ಇಷ್ಟ ಬಂದ ಕಡೆ ಹೋಗುತ್ತದೆ, ಹಗ್ಗ ಇದ್ದರೂ.

ಈ ಮೂರು ಗೆರೆಯನ್ನು ಸೀಮೆಸುಣ್ಣದಲ್ಲಿ ತೊಗಟೆ ಮೇಲೆ ಬರೆದುಕೊಳ್ಳಿ. ಕೊಡಲಿಯಿಂದ ಆ ಜಾಗದ ಒರಟು ತೊಗಟೆ ಕೆತ್ತಿ ತೆಗೆದರೆ ಗೆರೆ ಚೆನ್ನಾಗಿ ಕಾಣುತ್ತದೆ, ತೊಗಟೆಯಲ್ಲಿ ಸೇರಿರುವ ಮಣ್ಣಿಗೆ ಚೈನ್ ಹಾಳಾಗುವುದೂ ತಪ್ಪುತ್ತದೆ. ನಾಚಿಕೆ ಪಡಬೇಡಿ. ಬಡಗಿ ಗೆರೆ ಎಳೆಯದೆ ಕೊಯ್ಯುತ್ತಾನಾ?

ಕಚ್ಚಿಗೆ ಮೊದಲು ಮೇಲಿನ ಓರೆ ಕೊಯ್ತ, ಆಮೇಲೆ ಕೆಳಗಿನದು. ಎರಡರ ನಡುವಿನ ಬಾಯಿ ಸುಮಾರು 70 ಡಿಗ್ರಿ ಇರಲಿ. ಹಳೆಯ ಪದ್ಧತಿಯಲ್ಲಿ 45 ಡಿಗ್ರಿ. ಬಾಯಿ ಚಿಕ್ಕದಾದರೆ ಮರ ಅರ್ಧ ಬಾಗುವಷ್ಟರಲ್ಲಿ ಅದು ಮುಚ್ಚಿಕೊಂಡು ಕೀಲು ಮುರಿಯುತ್ತದೆ. ಅಲ್ಲಿಂದ ಮುಂದೆ ಮರಕ್ಕೆ ಯಾರ ಹಿಡಿತವೂ ಇಲ್ಲ. ಬಾಯಿ ಅಗಲ ಇದ್ದರೆ ನೆಲ ಮುಟ್ಟುವ ಹತ್ತಿರದವರೆಗೂ ಕೀಲು ಹಿಡಿದಿರುತ್ತದೆ. ಮನೆ ಪಕ್ಕ ನನಗೆ ಅದೇ ಬೇಕು. ಎರಡೂ ಕೊಯ್ತ ಒಂದೇ ಗೆರೆಯಲ್ಲಿ ಕೂಡಬೇಕು. ಒಂದು ಇನ್ನೊಂದನ್ನು ದಾಟಿ ಒಳಗೆ ಹೋದರೆ ಕೀಲಿನ ಬಲ ಅಲ್ಲೇ ಹೋಯಿತು. ತುಂಡು ಬಿದ್ದ ಮೇಲೆ ಕಚ್ಚಿನ ಒಳಮೂಲೆಗೆ ಒಂದು ನೇರ ಕೋಲು ಅಡ್ಡ ಇಡಿ. ಅದರ ನಟ್ಟನಡುವಿನಿಂದ ಕಣ್ಣು ಹಾಯಿಸಿದರೆ ಮರ ಬೀಳುವ ಜಾಗ ಕಾಣುತ್ತದೆ. ನಮ್ಮದು ಸೆಗಣಿ ತಿಪ್ಪೆಯ ಕಡೆ ನೋಡುತ್ತಿತ್ತು. ಇನ್ನೊಂದು ಸಲ ಕೆತ್ತಿ ಹೊಲದ ಕಡೆ ತಿರುಗಿಸಿದೆ.

ಕಚ್ಚಿನಿಂದ ಉದುರಿದ ಪುಡಿ ಕೈಯಲ್ಲಿ ಹಿಡಿದು ನೋಡಿ. ಕಂದು ಬಣ್ಣದ, ಒದ್ದೆ, ಮೆತ್ತನೆಯ ಪುಡಿ ಬಂದರೆ ತಿರುಳು ಕೊಳೆತಿದೆ. ಕೊಳೆತ ಮರದಲ್ಲಿ ಕೀಲು ನಿಲ್ಲುವುದಿಲ್ಲ. ಅಲ್ಲಿಗೇ ನಿಲ್ಲಿಸಿ, ಆಗಲೂ ತಡವಾಗಿಲ್ಲ.

ಹಿಂದಿನ ಕೊಯ್ತ ಕಚ್ಚಿನ ಮೂಲೆಗಿಂತ ಎರಡು ಬೆರಳು ಮೇಲೆ, ನೆಲಕ್ಕೆ ಸಮವಾಗಿ. ಆ ಎರಡು ಬೆರಳಿನ ಮೆಟ್ಟಿಲು ಬೊಡ್ಡೆ ಹಿಂದಕ್ಕೆ ಜಾರುವುದನ್ನು ತಡೆಯುತ್ತದೆ. 45 ಸೆಂ.ಮೀ. ಬಾರ್ 60 ಸೆಂ.ಮೀ. ಬೊಡ್ಡೆಯನ್ನು ದಾಟುವುದಿಲ್ಲ. ಒಂದು ಪಕ್ಕದಿಂದ ಶುರು ಮಾಡಿ, ಸುತ್ತಿ ಬಂದು, ಇನ್ನೊಂದು ಪಕ್ಕದಲ್ಲಿ ಮುಗಿಸಿ. ಬಾರಿಗೆ ಹಿಂದೆ ಜಾಗ ಆದ ತಕ್ಷಣ ಬೆಣೆ ಹೊಡೆಯಿರಿ. ಪ್ಲಾಸ್ಟಿಕ್ ಬೆಣೆ ಸಿಗುತ್ತದೆ, ಇಲ್ಲದಿದ್ದರೆ ಬಡಗಿಗೆ ಹೇಳಿ ಜಾಲಿ ಮರದ್ದು ಮಾಡಿಸಿ. ಕಬ್ಬಿಣದ ಬೆಣೆ ಚೈನಿಗೆ ತಾಗಿದರೆ ಹಲ್ಲು ಹೋಯಿತು. ಬೆಣೆ ಇದ್ದರೆ ಗಾಳಿ ಬೀಸಿ ಮರ ಹಿಂದಕ್ಕೆ ಕೂರುವುದಿಲ್ಲ, ಬಾರ್ ಸಿಕ್ಕಿಕೊಳ್ಳುವುದಿಲ್ಲ.

ಅರ್ಧ ದಾಟಿದ ಮೇಲೆ ಸ್ವಲ್ಪ ಕೊಯ್ದು ನಿಲ್ಲಿಸಿ, ಹಗ್ಗ ಒಂದು ಸುತ್ತು ಬಿಗಿಸಿ, ಬೆಣೆಗೆ ಎರಡು ಏಟು ಹಾಕಿ, ಮೇಲೆ ನೋಡಿ. ಮತ್ತೆ ಸ್ವಲ್ಪ. ನನ್ನ ಕಣ್ಣು ಕೊಯ್ತದ ಬಾಯಿಯ ಮೇಲೆಯೇ ಇತ್ತು. ಒಂದು ಕೂದಲೆಳೆ ಅಗಲ ಇದ್ದದ್ದು ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ಆಯಿತು. ಬೊಡ್ಡೆ ಒಳಗಿನಿಂದ ಚಟ್ ಅಂತ ಒಂದು ಸದ್ದು. ಅಷ್ಟೇ. ಆ ಸದ್ದಿಗೆ ಮಿಷಿನ್ ಹೊರಗೆಳೆದು, ಬ್ರೇಕ್ ಹಾಕಿ, ಓರೆ ದಾರಿಯಲ್ಲಿ 20 ಅಡಿ ಬಂದುಬಿಡಬೇಕು. "ಇನ್ನೊಂದು ಚೂರು ಕೊಯ್ದು ಬರ್ತೀನಿ" ಅನ್ನುವ ಆಸೆ ಹುಟ್ಟುತ್ತದೆ. ಬೇಡ. ಉಳಿದದ್ದನ್ನು ಹಗ್ಗ ಮಾಡುತ್ತದೆ. ಬಾರ್ ಸಿಕ್ಕಿಕೊಂಡರೆ ಮಿಷಿನ್ ಅಲ್ಲೇ ಬಿಟ್ಟು ಬನ್ನಿ. ಮಿಷಿನ್ ಇನ್ನೊಂದು ಕೊಳ್ಳಬಹುದು.

ಬಿದ್ದ ಮೇಲೂ ಒಂದೆರಡು ನಿಮಿಷ ಹತ್ತಿರ ಹೋಗಬೇಡಿ. ಪಕ್ಕದ ಮರದಲ್ಲಿ ಸಿಕ್ಕಿಕೊಂಡ ಒಣ ಕಡ್ಡಿಗಳು ಆಗ ಬೀಳುತ್ತವೆ.

ನೆಲದ ಮೇಲೆ

ಮರ ಮಲಗಿತು ಅಂತ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಆದರೆ ದಿಮ್ಮಿಯ ಕೆಳಗೆ ಬಾಗಿ ಸಿಕ್ಕಿರುವ ಕೊಂಬೆಗಳು ಬಿಲ್ಲಿನ ಹಾಗೆ ಬಿಗಿಯಾಗಿರುತ್ತವೆ. ಒಂದೇ ಏಟಿಗೆ ಕೊಯ್ದರೆ ಮುಖಕ್ಕೆ ಬರುತ್ತವೆ. ಬಾಗಿದ ಒಳಮೈಯಿಂದ ಸ್ವಲ್ಪ ಸ್ವಲ್ಪ ಕೆತ್ತಿ ಬಿಗಿ ಇಳಿಸಿ.

ದಿಮ್ಮಿ ತುಂಡು ಮಾಡುವಾಗ ಒಂದೇ ಪ್ರಶ್ನೆ: ಯಾವ ಮೈ ಅಮುಕಿದೆ, ಯಾವ ಮೈ ಎಳೆದಿದೆ? ಎರಡು ತುದಿಗೂ ಆಸರೆ ಇದ್ದು ನಡುವೆ ಖಾಲಿ ಇದ್ದರೆ ಮೇಲಿನ ಮೈ ಅಮುಕಿರುತ್ತದೆ. ಮೇಲಿನಿಂದ ಮೂರನೇ ಒಂದು ಭಾಗ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ಯಿರಿ. ಒಂದು ತುದಿ ಗಾಳಿಯಲ್ಲಿ ನೇತಾಡುತ್ತಿದ್ದರೆ ಉಲ್ಟಾ, ಮೊದಲು ಕೆಳಗಿನಿಂದ. ಇಳಿಜಾರಿದ್ದರೆ ಮೇಲಿನ ಕಡೆ ನಿಲ್ಲಿ. ಚೈನ್ ಮಣ್ಣಿಗೆ ತಾಗದಿರಲಿ.

ಬೇವಿನ ದಿಮ್ಮಿಯನ್ನು ಸೌದೆಗೆ ಹಾಕಬೇಡಿ, ಚೌಕಟ್ಟಿಗೆ ಚೆನ್ನಾಗಿರುತ್ತದೆ, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಹುಣಸೆಯ ದಪ್ಪ ತುಂಡನ್ನು ಮಟನ್ ಅಂಗಡಿಯವರು ಕೊರಡಿಗೆ ಕೇಳಿಕೊಂಡು ಬರುತ್ತಾರೆ. ಮಿಲ್ಲಿಗೆ ಸಾಗಿಸುವುದಿದ್ದರೆ ಅರಣ್ಯ ಇಲಾಖೆಯ ರಹದಾರಿ ಬೇಕಾ ಅಂತ ಅನುಮತಿ ಪಡೆಯುವ ದಿನವೇ ಕೇಳಿಕೊಳ್ಳಿ. ಬೇವಿನ ಸೊಪ್ಪನ್ನು ನೆರಳಲ್ಲಿ ಒಣಗಿಸಿ ನಮ್ಮ ಅವ್ವ ಕಾಳಿನ ಡಬ್ಬಿಗೆಲ್ಲ ತುಂಬಿದಳು. ಇನ್ನೂ ಮುಗಿದಿಲ್ಲ.

ಬೊಡ್ಡೆ

ಜೆಸಿಬಿ ತರಿಸಿ ಬೊಡ್ಡೆ ಕೀಳಿಸುವ ಮೊದಲು ನೆಲದೊಳಗೆ ಏನಿದೆ ನೆನಪು ಮಾಡಿಕೊಳ್ಳಿ. ನೀರಿನ ಪೈಪು, ಪಾಯಿಖಾನೆ ಗುಂಡಿ, ಪಾಯದ ಕೆಳಗೆ ನುಗ್ಗಿದ ಬೇರು. ಬೇರನ್ನು ಬಲವಾಗಿ ಎಳೆದರೆ ಅದರ ಜೊತೆ ಪಾಯದ ಕಲ್ಲೂ ಅಲ್ಲಾಡುತ್ತದೆ. ಎರೆ ಮಣ್ಣಿನಲ್ಲಿ ಇನ್ನೊಂದು ತೊಂದರೆ ಇದೆ. ದೊಡ್ಡ ಮರ ಇಷ್ಟು ವರ್ಷ ಹೀರುತ್ತಿದ್ದ ನೀರು ಈಗ ಮಣ್ಣಲ್ಲೇ ಉಳಿದು ಎರೆ ಉಬ್ಬುತ್ತದೆ. ಒಂದೆರಡು ಮಳೆಗಾಲ ಗೋಡೆಯ ಬಿರುಕಿನ ಮೇಲೆ ಕಣ್ಣಿಡಿ, ಆಮೇಲೆ ಸಿಮೆಂಟ್ ಹಚ್ಚಿಸಿ.

ನಾನು ಬೊಡ್ಡೆಯನ್ನು ನೆಲಮಟ್ಟಕ್ಕೆ ಕೊಯ್ದು, ಸುತ್ತಲ ತೊಗಟೆ ಸುಲಿದು, ಮಣ್ಣು ಮುಚ್ಚಿದೆ. ಬೇವು, ಹುಣಸೆ ಎರಡೂ ಮತ್ತೆ ಚಿಗುರುವ ಜಾತಿ. ಹದಿನೈದು ದಿನಕ್ಕೊಮ್ಮೆ ಚಿಗುರು ಮುರಿಯುತ್ತಾ ಬಂದರೆ ಬೊಡ್ಡೆ ಒಂದು ದಿನ ಸುಸ್ತಾಗುತ್ತದೆ. ನಮ್ಮದು ಇನ್ನೂ ಆಗಿಲ್ಲ. ಹೋದ ಯುಗಾದಿಗೆ ಬೇವು ಬೆಲ್ಲಕ್ಕೆ ಚಿಗುರು ಅಲ್ಲಿಂದಲೇ ಕಿತ್ತುಕೊಂಡು ಬಂದೆವು.